ಬನ್ನಿಯಡಿಯ ಅಬ್ಬಲಿಗೆ

ವಿಜಯದಶಮಿಯ ಮರುದಿನ ನಸುಕು. ಮುಂಡರಗಿಯ ಅಂಚಿನ ತೋಪಿನಲ್ಲಿ ನೀರಿನ ಕೊಡ ಹೊತ್ತು ಬಂದ ಮಾಲಿ ಮಕ್ತುಮಸಾಬ ದೊಡ್ಡ ಬನ್ನಿ ಮರದ ಕೆಳಗೆ ನಿಂತುಬಿಡುತ್ತಾರೆ. ತಲೆ ಎತ್ತಿದರೆ ಬರೀ ಆಕಾಶ. ಟೊಂಗೆಗಳೆಲ್ಲ ಇದ್ದಲ್ಲೇ ಇವೆ, ಎಲೆಯಿಲ್ಲ. ಕೊಡ ಇಳಿಸುವುದೂ ಅವರಿಗೆ ನೆನಪಾಗುವುದಿಲ್ಲ.

‘ಟೊಂಗಿ ಮುರೀಬ್ಯಾಡ್ರಿ, ಒಬ್ಬೊಬ್ರು ಒಂದ ಹಿಡಿ ತಗೊಳ್ರಿ ಅಂತ ನಿನ್ನಿ ಬನ್ನಿಗೆ ಬಂದೋರಿಗೆ ನಾನ ತೋಪಿನ ಬಾಗಲದಾಗ ನಿಂತು ಹೇಳಿದ್ನಿ. ಏಣೀನೂ ನಾನ ಕೊಟ್ಟೆ’ ಎನ್ನುತ್ತಾರೆ. ‘ಖರೇ ಹೇಳ್ತೀನಿ, ಒಬ್ಬರೂ ಮಾತು ಮೀರಲಿಲ್ಲ. ಊರು ಎಷ್ಟೈತಿ ಅನ್ನೋದನ್ನ ನಾ ವಿಚಾರಾನ ಮಾಡಲಿಲ್ಲ.’

ಮರದ ಬುಡದ ಸುತ್ತ ಮೊಣಕಾಲೆತ್ತರದ ಅಬ್ಬಲಿಗೆ, ಅಂದರೆ ಕನಕಾಂಬರದ ಗಿಡಗಳಿವೆ. ಸಿಂಗಟಾಲೂರಿನ ತಂಗಿಯ ಹಿತ್ತಲಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಗಳಿಂದ ಬೆಳೆದವು. ಬಯಲಲ್ಲಿ ನೆಟ್ಟಾಗ ಎರಡು ಬೇಸಿಗೆಯಲ್ಲೂ ಒಣಗಿದವು. ಬನ್ನಿಯ ತೆಳುನೆರಳಿಗೆ ಬಂದ ಮೇಲೆಯೇ ಬೇರು ಹಿಡಿದದ್ದು. ಕೊಳವೆಬಾವಿ ತೋಪಿನ ಇನ್ನೊಂದು ತುದಿಗಿದೆ. ದಿನಕ್ಕೆ ಮೂವತ್ತು ಕೊಡ ನೀರು ಹೆಗಲ ಮೇಲೆಯೇ ಬರುತ್ತದೆ. ತೋಪು ನೋಡಿಕೊಳ್ಳುವ ಸಮಿತಿಯವರಿಗೆ ಈ ಹೂವಿನ ಮೇಲೆ ನಂಬಿಕೆ ಕಡಿಮೆ. ಈ ಸಲವೂ ಒಣಗಿದರೆ ಅಲ್ಲಿ ಫರಸಿ ಕಲ್ಲು ಹಾಸಿ ಬೆಂಚು ಇಡುವುದೆಂದು ತೀರ್ಮಾನವಾಗಿದೆ.

ಬಿಸಿಲು ಏರುತ್ತದೆ. ಹತ್ತು ಗಂಟೆಗೆಲ್ಲ ಎಳೆಯ ಗಿಡಗಳು ಕತ್ತು ಚೆಲ್ಲುತ್ತವೆ. ಅದೇ ಹೊತ್ತಿಗೆ ಊರವರು ಬರತೊಡಗುತ್ತಾರೆ, ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಲು. ‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ, ಸಾಬರ’ ಎಂದು ಮೊದಲು ಕೈ ಚಾಚಿದವನು ಯಮನೂರಪ್ಪ, ಎದುರಿನ ಚಹಾದಂಗಡಿಯವನು. ತಮ್ಮ ಮರದ ಎಲೆಯನ್ನೇ ಮಕ್ತುಮಸಾಬ ಎರಡೂ ಕೈಯಿಂದ ತೆಗೆದುಕೊಳ್ಳುತ್ತಾರೆ. ಕಿಸೆಗಿಟ್ಟು ಗಿಡಗಳತ್ತ ತಿರುಗುತ್ತಾರೆ.

ಕಸ ಗುಡಿಸುವ ಮಂಜವ್ವ ಕಸಬರಿಗೆ ಬಿಟ್ಟು ನೋಡುತ್ತಾಳೆ. ‘ತಗೋ ಮಕ್ತುಮಣ್ಣ, ಕಿಸೆ ತುಂಬ ಬಂಗಾರ ಬಂತು. ಇದನ್ನ ತಿರುಗಿ ಟೊಂಗಿಗೆ ಅಂಟಸ್ತೀ ಏನು?’

‘ನಗಬ್ಯಾಡ ಮಂಜವ್ವ. ನೆರಳಿಲ್ಲ, ಮಧ್ಯಾಹ್ನಕ್ಕ ಈ ಅಬ್ಬಲಿಗಿ ಸಾಯ್ತಾವು.’

ಯಮನೂರಪ್ಪ ಕೆಳಗೆ ನೋಡುತ್ತಾನೆ, ಮೇಲೆ ನೋಡುತ್ತಾನೆ. ‘ನಾವ ಮಾಡಿದ್ವೇನ್ರಿ ಇದನ್ನ?’

‘ನಾ ಹೇಳಿದಂಗ ಮಾಡೀರಿ. ಮನ್ಯಾಗ ಹಳೇ ಸೀರಿ ಇದ್ರ ಜಲ್ದಿ ತಗೊಂಡು ಬಾ.’

ಆಮೇಲೆ ಬನ್ನಿ ಕೊಡಲು ಬಂದವರಿಗೆಲ್ಲ ಮಂಜವ್ವನೇ ಬಾಗಿಲಲ್ಲಿ ಅಡ್ಡ ನಿಂತು ಹಳೇ ಸೀರೆ ತರಲು ಹೇಳುತ್ತಾಳೆ. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಬೋಳು ಟೊಂಗೆಗಳ ನಡುವೆ ಇಳಕಲ್ ಸೀರೆ, ಮದುವೆಯ ಧೋತರ, ಹರಿದ ಕೌದಿ ಬಿಗಿಯಾಗಿ ಕಟ್ಟಿಸಿಕೊಂಡಿವೆ. ಅವುಗಳ ಕೆಳಗೆ ಮಕ್ತುಮಸಾಬ ಬಗ್ಗಿ ಒಂದೊಂದೇ ಬುಡಕ್ಕೆ ನೀರು ಹನಿಸುತ್ತಾರೆ.

ಈಗ ಮೂರು ವಾರ ಕಳೆದಿದೆ. ಅಂಚಿನ ಸಾಲು ಪೂರ್ತಿ ಸತ್ತಿದೆ. ಒಳಗಿನವು ಉಳಿದಿವೆ. ಒಂದರಲ್ಲಿ ಕಿತ್ತಳೆ ಬಣ್ಣದ ಹೂವೂ ಅರಳಿದೆ. ಸಮಿತಿಯವರು ಬಂದು ನೋಡಿ, ಫರಸಿಯ ಮಾತೆತ್ತದೆ ಹೋಗಿದ್ದಾರೆ.

ಮುಂದಿನ ದಸರೆಗೆ ತೋಪಿನ ಬಾಗಿಲು ಹಾಕುತ್ತೀರಾ ಎಂದರೆ ಮಕ್ತುಮಸಾಬ ಇಲ್ಲವೆಂದು ತಲೆಯಾಡಿಸುತ್ತಾರೆ. ‘ಹಬ್ಬದ ದಿನ ಇಲ್ಲ ಅನ್ನಾಕ ಬರತೈತೇನ್ರಿ? ರಸ್ತೆ ಬದಿಗೆ ನಾಕು ಬನ್ನಿ ಸಸಿ ಹಚ್ಚೀನಿ. ಅವು ಊರ ಮಂದೀಗೆ. ದೊಡ್ಡವಾಗಾಕ ಭಾಳ ವರ್ಷ ಬೇಕು. ಅಲ್ಲೀತನಕ ಮಂದಿ ಒಂದ ಹಿಡಿ ಬದಲಿ ಒಂದ ಎಲಿ ತಗೊಂಡ್ರ ಸಾಕು.’