ಟ್ರಂಕಿನ ಮೇಲೆ ಕೂತ ಮನೆತನ

ಬೀದಿಯವರೆಲ್ಲ ಅವಳನ್ನು ಕೀಲಿ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗಿ. ಮನೆಯ ಮುಂಭಾಗದ ಬೀಗ ರಿಪೇರಿ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಅಪ್ಪ, ದೊಡ್ಡಪ್ಪನಿಗೆ ಪುರುಸೊತ್ತಿರಲಿಲ್ಲ. ಬೀಗ ರಿಪೇರಿ ಮಾಡುತ್ತಿದ್ದ ಅಜ್ಜ ಎಂದೋ ಒಂದು ದೆವ್ವವನ್ನು ಹಿಡಿದು ಕಬ್ಬಿಣದ ಟ್ರಂಕಿನಲ್ಲಿ ಕೂಡಿಹಾಕಿದ್ದನಂತೆ. ಆ ಪರಾಕ್ರಮವನ್ನು ಕಂಡಕಂಡವರಿಗೆ ಕೊರೆಯುವುದೇ ಅವರ ಉದ್ಯೋಗ.

ದಿನವೂ ಸಂಜೆ ಮನೆಯವರಲ್ಲೊಬ್ಬರು ಒಂದು ಗಂಟೆ ಟ್ರಂಕಿನ ಮೇಲೆ ಕೂರಬೇಕು, ಬೀಗ ಮಾತ್ರ ಯಾರೂ ಮುಟ್ಟಕೂಡದು: ಇದು ಅಜ್ಜನ ಕಟ್ಟಪ್ಪಣೆ. ಕೀರ್ತಿಯೆಲ್ಲ ಗಂಡಸರದು, ಕೂರುವ ಕೆಲಸ ಹತ್ತನೇ ವಯಸ್ಸಿನಿಂದ ಕೀಲಿಯದು.

ಈಗ ಅವಳಿಗೆ ದೂರದ ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸೋಮವಾರ ಹಾಜರಾಗದಿದ್ದರೆ ಅದು ಬೇರೆಯವರ ಪಾಲು.

“ನೀನು ಹೋದ್ರೆ ಟ್ರಂಕಿನ ಮೇಲೆ ಯಾರೇ ಕೂರೋದು?” ದೊಡ್ಡಪ್ಪ ಗುಡುಗಿದ.

“ನೀವಿದ್ದೀರಲ್ಲ ದೊಡ್ಡಪ್ಪ. ಕೂರೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ?”

“ಬಾಯ್ಮುಚ್ಚು! ಅದು ಹೊರಗೆ ಬಂದ್ರೆ ಈ ಮನೆ ಒಡೆದುಹೋಗುತ್ತೆ.”

ಅಪ್ಪ ಹೌದೌದೆಂದು ತಲೆಯಾಡಿಸಿದ. ದೆವ್ವ ಸಿಗುವ ಮೊದಲೇ ಅಣ್ಣನ ಜೊತೆ ಮಾತು ಬಿಟ್ಟಿದ್ದರಿಂದ ಗೋಡೆಯ ಕಡೆ ತಿರುಗಿ ಆಡಿಸಿದ.

ಇನ್ನೊಂದು ಗಟ್ಟಿ ಬೀಗ ಹಾಕಿದರೆ ಯಾರೂ ಕೂರಬೇಕಿಲ್ಲವಲ್ಲ ಎಂದು, ಶನಿವಾರ ಮಧ್ಯಾಹ್ನ ಇಬ್ಬರೂ ಗೊರಕೆ ಹೊಡೆಯುವಾಗ, ಕೀಲಿ ಹಳೆಯ ಬೀಗದ ತುಕ್ಕು ಉಜ್ಜಿದಳು. ಉಜ್ಜಿ ನೋಡಿ ತಲೆ ಚಚ್ಚಿಕೊಂಡಳು. ಕೋಣೆಯ ಬಾಗಿಲಿಗೆ ಹಾಕುವಂಥ ಬೀಗವನ್ನೇ ಅಜ್ಜ ಅಭ್ಯಾಸಬಲದಿಂದ ಇದಕ್ಕೂ ಜಡಿದಿದ್ದ. ಹೊರಗಿನವರಿಗೆ ಬೀಗದಕೈ ಬೇಕು. ಒಳಗಿದ್ದವರು ಗುಂಡಿ ತಿರುಗಿಸಿದರೆ ಸಾಕು.

ಮುಚ್ಚಳ ತಟ್ಟಿದಳು. “ಬಾಮ್ಮ, ತೆಗೆದೇ ಇದೆ” ಎಂದಿತು ದನಿ. ಮುಚ್ಚಳ ಎತ್ತಿದರೆ ಒಳಗೆ ಮೊಣಕಾಲು ಮಡಚಿ ದೆವ್ವ ಆಕಳಿಸುತ್ತಿತ್ತು.

“ಹೊರಗೆ ಬರಬಹುದಿತ್ತಲ್ಲ! ಯಾಕೆ ಬಿದ್ಕೊಂಡಿದ್ದೆ?”

“ಮೊದಲ ವಾರವೇ ಬಂದಿದ್ದೆ. ಅಣ್ಣತಮ್ಮಂದಿರನ್ನ ಅಗಲಿಸೋದು ನನ್ನ ಕಸುಬು. ನಿಮ್ಮನೇಲಿ ನನಗೇನು ಕೆಲಸ ಉಳಿದಿತ್ತು? ನಾನೂ ಅವರ ಹಾಗೆ ಬಿದ್ಕೊಂಡೆ.” ಅದು ದನಿ ತಗ್ಗಿಸಿತು. “ನೀನು ಹೊರಟ್ಯಂತೆ? ಆ ಇಬ್ಬರ ಜೊತೆ ನಾನಿರಲ್ಲಪ್ಪ.”

ಧೂಳು ಕೊಡವಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟೇಹೋಯಿತು.

ಕೀಲಿ ಒಳಗಿನ ಗುಂಡಿ ಕಿತ್ತು, ಬೀಗವನ್ನು ಸರಿಯಾಗಿ ಜಡಿದಳು. ಸೋಮವಾರ ಬೆಳಿಗ್ಗೆ ಬೀಗದಕೈಯನ್ನು ದೊಡ್ಡಪ್ಪನ ಅಂಗೈಗಿಟ್ಟಳು.

“ಇದರೊಳಗಿಂದ ಇನ್ನು ಯಾವ ದೆವ್ವವೂ ಬರಲ್ಲ, ಆಣೆ. ಆದ್ರೂ ಕೂರೋದು ಬಿಡ್ಬೇಡಿ.”

ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಳು. ತೆರೆದ ಬಾಗಿಲಿನೊಳಗೆ, ಸಂಜೆಯವರೆಗೆ ಕಾಯುವ ಧೈರ್ಯವಿಲ್ಲದೆ, ಅಣ್ಣ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ, ಬೆನ್ನು ತಿರುಗಿಸಿ ಕೂತು ಖಾಲಿ ಟ್ರಂಕು ಕಾಯುತ್ತಿದ್ದರು.