ಜಯಮ್ಮನ ಕಣ್ಣಿನ ಕೆಂಪು

ನಂಬಿ ಅಂತ ಯಾರನ್ನೂ ಒತ್ತಾಯ ಮಾಡುವುದಿಲ್ಲ. ನನ್ನ ಹೆಬ್ಬೆರಳಿಗೆ ಅಂಟಿದ್ದನ್ನು ನಾನೇ ತೊಳೆದಿದ್ದೇನೆ, ಆ ನಾತ ನನ್ನ ಮೂಗಿಗೇ ಬಡಿದಿದೆ. ನನಗೆ ಅಷ್ಟು ಸಾಕು.

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ ಇದೆ. ಅವತ್ತು ಸಂಜೆ ನಮಾಜ್ ಮುಗಿಸಿ ಬಂದು ಲೈಟ್ ಹಾಕುವಷ್ಟರಲ್ಲಿ ಬಿಳಿಗೆರೆ ಕಡೆಯ ರಾಜಣ್ಣ ಬಂದರು. ತೆಂಗಿನ ತೋಟದವರು. ಜೊತೆಗೆ ಅವರ ಹೆಂಡತಿಯ ತಂಗಿ ಭಾಗ್ಯ.

"ಸಾಬ್ರೇ, ನಾಳೆ ನಮ್ಮನೆಯವಳ ತಿಥಿ. ಈ ಫೋಟೋ ಪ್ರಿಂಟ್ ಹಾಕ್ಕೊಡಿ. ಕಣ್ಣು ಕೆಂಪಗೆ ಬಂದೈತೆ, ಅದೊಂದ್ ತೆಗೀರಿ," ಎಂದು ಮೊಬೈಲ್ ಕೊಟ್ಟರು.

ಯಾವುದೋ ಮದುವೆಯಲ್ಲಿ ತೆಗೆದದ್ದು. ಮಲ್ಲಿಗೆ ಮುಡಿದು ನಗುತ್ತಿದ್ದ ಜಯಮ್ಮ. ಕತ್ತಲಲ್ಲಿ ಫ್ಲಾಶ್ ಬಿದ್ದರೆ ಕಣ್ಣಿನ ಪಾಪೆ ಹೀಗೆ ಕೆಂಪಾಗುವುದು ಮಾಮೂಲು. ತಿಥಿಗೆ ಸಾಮಾನು ತರುವುದಿದೆ ಎಂದು ಇಬ್ಬರೂ ಪೇಟೆಗೆ ಹೋದರು.

ಕಂಪ್ಯೂಟರಿನಲ್ಲಿ ಮುಖವನ್ನು ದೊಡ್ಡದು ಮಾಡಿದೆ. ಎರಡು ಕಣ್ಣಿಗೂ ಒಂದೊಂದು ಕ್ಲಿಕ್. ಕೆಂಪು ಹೋಗಿ ಕಪ್ಪಾಯಿತು. ಪ್ರಿಂಟ್ ಕೊಟ್ಟೆ.

ಹೊರಬಂದ ಚಿತ್ರದಲ್ಲಿ ಕಣ್ಣು ಕೆಂಪಗೇ ಇತ್ತು...

ಸೇವ್ ಮಾಡುವುದನ್ನು ಮರೆತೆನೇನೋ ಅಂದುಕೊಂಡೆ. ಸ್ಕ್ರೀನ್ ನೋಡಿದರೆ, ಕಪ್ಪು. ಮತ್ತೆ ಪ್ರಿಂಟ್ ಒತ್ತಿದೆ. ಈ ಸಲ ಕೆಂಪು ಪಾಪೆ ದಾಟಿ ಕಣ್ಣಿನ ಬಿಳಿಗೂ ಹಬ್ಬಿತ್ತು. ಕೆಳಗಿನ ರೆಪ್ಪೆಯ ಅಂಚಿನಲ್ಲಿ ಏನೋ ಮಿನುಗುತ್ತಿತ್ತು. ಹೆಬ್ಬೆರಳಿನಿಂದ ಒರೆಸಿದೆ.

ಒದ್ದೆ... ಬೆಚ್ಚಗಿನ ಒದ್ದೆ.

ನನ್ನದು ರಿಬ್ಬನ್ ಹಾಕುವ ಪ್ರಿಂಟರ್. ಹಸಿ ಇಂಕ್ ಅನ್ನುವುದೇ ಅದರಲ್ಲಿಲ್ಲ.

ಬೆರಳಿಗೆ ಬಂದದ್ದು ಕಂದುಗೆಂಪು, ಗೊಣ್ಣೆಯ ಹಾಗೆ ಎಳೆಎಳೆಯಾಗಿ ಜಗ್ಗುತ್ತಿತ್ತು. ರೋಗ ಬಿದ್ದ ತೆಂಗಿನ ಮರದ ಕಾಂಡದಿಂದ ರಸ ಸೋರುತ್ತದಲ್ಲ, ಹಾಗೆ. ವಾಸನೆ ಮಾತ್ರ... ಕೌಟು ಹಿಡಿದ ಕೊಬ್ಬರಿಗೆ ಕೀವು ಕಲಸಿಟ್ಟಂತೆ. ಹಿತ್ತಿಲ ನಲ್ಲಿಗೆ ಓಡಿದೆ. ಸೋಪು ಹಚ್ಚಿ ಉಜ್ಜಿದಷ್ಟೂ ಅದು ಉಗುರಿನ ಸಂದಿಗೆ ಇಳಿಯಿತು. ಹೊಟ್ಟೆಯಲ್ಲಿದ್ದದ್ದೆಲ್ಲ ಅಲ್ಲೇ ಕಕ್ಕಿದೆ.

ಬಾಯಿ ತೊಳೆದು ಒಳಗೆ ಬಂದಾಗ ಅವರಿಬ್ಬರೂ ಅಂಗಡಿಯಲ್ಲಿ ನಿಂತಿದ್ದರು. ರಾಜಣ್ಣ ಆಗಲೇ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡಿದ್ದರು. ಭಾಗ್ಯ ಮೇಜಿನ ಹತ್ತಿರ ಬಂದು ಚಿತ್ರ ನೋಡಿದರು.

"ಭಾವ... ಅದೇ ನಾತ," ಎಂದರು ಮೆಲ್ಲಗೆ.

"ಸುಮ್ಕಿರು ಭಾಗ್ಯ."

"ಏನಮ್ಮಾ ಇದು?" ಎಂದೆ ನಾನು.

"ಅಕ್ಕನ ಕಣ್ಣಿಗೆ ಕಾಯ್ಲೆ ಬಂದು ಕೀವು ಸೋರ್ತಿತ್ತು ಸಾಬ್ರೇ. ಅಸಹ್ಯ ಅಂತ ಇವ್ರು ಅವಳ ಮಂಚಾನ ಕೊಬ್ಬರಿ ಶೆಡ್ಡಿಗೆ ಹಾಕ್ಸಿದ್ರು. ನಂಗೆ ತಿಳಿಸ್ಲೇ ಇಲ್ಲ. ನಾನು ಬಂದಾಗ ರೆಪ್ಪೆ ಎಲ್ಲಾ ಅಂಟ್ಕೊಂಡೋಗಿತ್ತು. ಬಾಗ್ಲ ಕಡೆ ತಿರುಗಿ 'ಕಣ್ಣು ಒರೆಸ್ರೀ, ಕಣ್ಣು ಒರೆಸ್ರೀ' ಅಂತ ಕೂಗ್ತಾನೇ ಇದ್ಲು. ಇವ್ರು ಹೊಸಿಲು ದಾಟ್ಲಿಲ್ಲವಂತೆ."

ಭಾಗ್ಯ ಚಿತ್ರವನ್ನು ಎತ್ತಿ ರಾಜಣ್ಣನ ಮುಂದೆ ಹಿಡಿದರು. "ಈಗ್ಲಾದ್ರೂ ಒರೆಸ್ರಿ ಭಾವ."

ರಾಜಣ್ಣ ಗೋಡೆಗೆ ಒತ್ತಿಕೊಂಡರು. "ನನ್ ಕೈಲಾಗಲ್ಲ ಕಣೇ... ವಾಕರಿಕೆ ಬತ್ತದೆ."

ನನ್ನ ಉಗುರಿನಲ್ಲಿದ್ದ ಆ ರಸಕ್ಕಿಂತ ಆ ಮನುಷ್ಯನೇ ನನಗೆ ಹೇಸಿಗೆಯಾಗಿ ಕಂಡ.

ಭಾಗ್ಯ ತಮ್ಮ ಸೆರಗಿನ ತುದಿಯಿಂದ ಒಂದೊಂದೇ ಕಣ್ಣು ಒರೆಸಿದರು, ನಿದ್ದೆಯಿಂದೆದ್ದ ಕೂಸಿಗೆ ಒರೆಸುವ ಹಾಗೆ. "ಆಯ್ತು ಕಣಕ್ಕಾ... ಆಯ್ತು ಬುಡು..." ಸೆರಗು ಕೆಂಪಾಯಿತು. ಚಿತ್ರದಲ್ಲಿ ಜಯಮ್ಮನ ಕಣ್ಣು ಕಪ್ಪಗೆ, ತಿಳಿಯಾಗಿ ನಗುತ್ತಿತ್ತು.

"ಇದು ನಮ್ಮನೇಲಿರ್ತದೆ," ಎಂದು ಅದನ್ನು ಎದೆಗವಚಿಕೊಂಡು ಭಾಗ್ಯ ಹೊರಟೇಬಿಟ್ಟರು.

ರಾಜಣ್ಣ ಮೂಗಿನಿಂದ ಟವೆಲ್ ಸರಿಸಿದ. "ನಂಗೊಂದು ಬೇರೆ ಹಾಕ್ಕೊಡಿ ಸಾಬ್ರೇ," ಎಂದ.

ಒತ್ತಿದೆ. ಈ ಸಲ ಯಾಕೋ ಕಾಗದ ಮುಖ ಕೆಳಗಾಗಿ, ಅರ್ಧ ಹೊರಬಂದು ನಿಂತಿತು.

"ತಗೊಳ್ಳಿ," ಎಂದೆ.

"ನೀವೇ ತೆಗೀರಿ..."

ನಾನು ಕೈ ಚಾಚಲಿಲ್ಲ. ಅವನೂ ಚಾಚಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಕಾಗದದ ಕೆಳಗಿನಿಂದ ಮೇಜಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಹಿಂದೆಯೇ ಇನ್ನೊಂದು...

ರಾಜಣ್ಣ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ನಾನೂ ಶಟರ್ ಎಳೆದು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಕಾಗದ ಮೇಜಿನ ಮೇಲೆ ಕವುಚಿ ಬಿದ್ದಿತ್ತು. ಒಣಗಿತ್ತು. ತಿರುಗಿಸಿ ನೋಡಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಲಕೋಟೆಯೊಳಗೆ ತುರುಕಿ ಡ್ರಾಯರಿಗೆ ಹಾಕಿದೆ. ರಾಜಣ್ಣ ಅದನ್ನು ಕೇಳಿಕೊಂಡು ಬರಲೇ ಇಲ್ಲ. ಎಸೆಯೋಣವೆಂದರೆ ಸತ್ತ ಹೆಂಗಸಿನ ಮುಖ, ಮನಸ್ಸು ಬರುವುದಿಲ್ಲ.

ಮೊನ್ನೆ ಏನೋ ಹುಡುಕುತ್ತಾ ಆ ಡ್ರಾಯರ್ ಎಳೆದೆ. ಲಕೋಟೆಯ ಒಂದು ಮೂಲೆ ನೆನೆದು ಮೆತ್ತಗಾಗಿತ್ತು. ಅದರ ಸುತ್ತ ಇರುವೆಗಳು ಮುತ್ತಿದ್ದವು.

ಹಾಗೇ ತಳ್ಳಿ ಮುಚ್ಚಿದೆ...