ಅಮಾವಾಸ್ಯೆಯ ಟೀಮು, ರವಿವಾರದ ಟೀಮು

ಕ್ರಿಕೆಟ್ ಆಡಲಿಕ್ಕೆ ಪಂಚಾಂಗ ನೋಡುವವರನ್ನು ನೀವು ಕಂಡಿದ್ದೀರಾ? ಇಲ್ಲ, ಅಲ್ಲವೇ? ಟೀವಿ ಹಚ್ಚಿದರೆ ಸಾಕು, ಯಾವುದಾದರೊಂದು ಮ್ಯಾಚು ಕಾಣುವ ಕಾಲದವರು ನೀವು, ನಿಮಗೆಲ್ಲಿ ಗೊತ್ತಾಗಬೇಕು. ನಾನು ಅಂಥವರೊಬ್ಬರ ಜೊತೆ ಸಂಸಾರ ಮಾಡಿದ್ದೇನೆ. ಈ ಫೋನಿನಲ್ಲಿ ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದು ಮರೆತುಹೋಗುತ್ತದೆ, ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ.

ನಮ್ಮ ಮನೆಯವರು ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದರು. ನೇಕಾರರದೇ ಒಂದು ಟೀಮು ಕಟ್ಟಿ ಅದಕ್ಕೆ ತಾವೇ ಕ್ಯಾಪ್ಟನ್ ಆಗಿದ್ದರು. ನಮ್ಮ ಓಣಿಯಲ್ಲಿ ಮಗ್ಗಕ್ಕೆ ರಜೆ ಎಂದರೆ ಅಮಾವಾಸ್ಯೆ ಒಂದೇ. ಆ ದಿನ ಯಾರೂ ಲಾಳಿ ಮುಟ್ಟುತ್ತಿರಲಿಲ್ಲ. ರವಿವಾರ ಮಾತ್ರ ಬಿಡುವೇ ಇಲ್ಲ, ಸೋಮವಾರ ಬೆಳಿಗ್ಗೆ ಸಾವಕಾರರಿಗೆ ಸೀರೆ ಒಪ್ಪಿಸಬೇಕಲ್ಲ. ಹೀಗಾಗಿ ಆಟವೇನಿದ್ದರೂ ಅಮಾವಾಸ್ಯೆಗೆ. ಬಾಗಲಕೋಟೆಯ ಟೀಮಿನವರೋ ಕಚೇರಿಗಳಲ್ಲಿ ಕೂತು ದುಡಿಯುವವರು, ಅವರ ಆಟ ರವಿವಾರ. ಸುತ್ತಲಿನ ಊರುಗಳಲ್ಲಿ ಯಾರು ಯಾರ ಜೊತೆ ಯಾವಾಗ ಆಡಬೇಕು ಎಂದು ಗೊತ್ತು ಮಾಡುವವರೂ ಅವರೇ. ನಮ್ಮವರು ಕೇಳಿದಾಗಲೆಲ್ಲ ರವಿವಾರ ಬರ್ರಿ ಎನ್ನುತ್ತಿದ್ದರು. ಅಮಾವಾಸ್ಯೆಯ ದಿನ ಮನೆಯಲ್ಲಿ ಹಿರಿಯರು ಊರು ದಾಟಗೊಡುವುದಿಲ್ಲ ಎಂದೂ ಒಮ್ಮೆ ಹೇಳಿಕಳಿಸಿದರು. ಸರಿ, ನಮ್ಮವರು ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡಿದ್ದೇ ಆಡಿದ್ದು. ಅಪರೂಪಕ್ಕೊಮ್ಮೆ ಹುನಗುಂದದವರು ಬಂದರೆ ಅದೇ ದೊಡ್ಡ ಹಬ್ಬ. ಯಾರ ಚೆಂಡು ಎತ್ತ ತಿರುಗುತ್ತದೆ ಎಂಬುದು ಬುತ್ತಿ ಒಯ್ದು ಬಯಲಿನ ಅಂಚಿಗೆ ಕೂಡುತ್ತಿದ್ದ ನನಗೂ ಬಾಯಿಪಾಠವಾಗಿತ್ತು.

ಆ ಹೊತ್ತಿಗೆ ಶ್ರೀಲಂಕೆಗೆ ಟೆಸ್ಟ್ ಆಡುವ ಮಾನ್ಯತೆ ಸಿಕ್ಕಿತ್ತು. ಮಗ್ಗದ ಪಕ್ಕದ ಗೂಡಿನಲ್ಲಿ ರೇಡಿಯೋ ಇಟ್ಟುಕೊಂಡು ನಮ್ಮ ಮನೆಯವರು ಅವರ ಸುದ್ದಿಗೆ ಕಾಯುತ್ತಿದ್ದರು. ಭಾರತ ಗೆದ್ದಾಗಲೂ ಅಷ್ಟು ಕಿವಿಗೊಟ್ಟವರಲ್ಲ. ಆದರೆ ಸುದ್ದಿ ಬಂದರೆ ತಾನೆ? ಇಂಗ್ಲೆಂಡಿನವರು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದರು, ಆಸ್ಟ್ರೇಲಿಯಾದವರು ಇಂಗ್ಲೆಂಡಿಗೆ ಬರುತ್ತಿದ್ದರು, ಬೀಗರ ಮನೆಗೆ ಹೋಗಿಬಂದ ಹಾಗೆ. ಶ್ರೀಲಂಕೆಯವರಿಗೆ ಒಂದು ಟೆಸ್ಟ್ ಕೊಟ್ಟು ಮತ್ತೆ ತಿಂಗಳುಗಟ್ಟಲೆ ಕೂಡ್ರಿಸುತ್ತಿದ್ದರು. ಆಮೇಲೆ ಅವರು ಆಡಲಿಕ್ಕೆ ಇಳಿದು ಸೋತರೆ, ಇನ್ನೂ ಎಳೆಯ ಟೀಮು ಎಂಬ ಮಾತು. ಮನೆಯವರು ಕಾಲು ಮಗ್ಗದ ಕುಣಿಯಲ್ಲಿ ಇಳಿಬಿಟ್ಟುಕೊಂಡೇ ಹೇಳುತ್ತಿದ್ದರು, "ಇವರ ಪಾಳಿ ಬರೂದ್ರಾಗ ಬ್ಯಾಟ್ ಹಿಡಿದಾಂವ ಮುದುಕ ಆಗಿರ್ತಾನ."

"ನೀವ ಒಂದು ಛಲೋ ಅಮಾಸಿ ನೋಡಿ ಕೊಲಂಬೋಕ್ಕ ಹೇಳಿಕಳಸ್ರಿ," ಎಂದು ನಾನು ಕಾಡಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ. ಮುದುಕನಾಗುವ ಮಾತು ಅವರು ತಮ್ಮ ಬಗ್ಗೆಯೇ ಆಡಿದ್ದಾಗಿತ್ತು. ಕುಣಿಯಲ್ಲಿ ಕೂತು ಕೂತು ಮೊಣಕಾಲು ಹಿಡಿಯುತ್ತಿತ್ತು. ಟೀಮಿನ ಹುಡುಗರೂ ಬೇಸತ್ತಿದ್ದರು. ಒಮ್ಮೆಯಾದರೂ ದೊಡ್ಡ ಟೀಮಿನ ಜೊತೆ ಆಡಿಸದಿದ್ದರೆ ತಾವಿನ್ನು ಬರುವುದಿಲ್ಲ ಎಂದು ಮುಖಕ್ಕೇ ಹೇಳಿದ್ದರು.

ಆಗ ಪಂಚಾಂಗದಲ್ಲಿ ನಮ್ಮ ಮನೆಯವರಿಗೆ ರವಿವಾರ ಬೀಳುವ ಅಮಾವಾಸ್ಯೆಯೊಂದು ಕಂಡಿತು. ಮರುದಿನವೇ ಬಸ್ಸು ಹತ್ತಿ ಬಾಗಲಕೋಟೆಗೆ ಹೋದರು. ಅಲ್ಲಿಯ ಕ್ಯಾಪ್ಟನ್, ಆಗಲಿ, ರವಿವಾರ ಅಂದಮೇಲೆ ಬರುತ್ತೇವೆ ಎಂದರಂತೆ. ಹಿರಿಯರ ಅಡ್ಡಿಯ ಮಾತು ಈ ಸಲ ಎತ್ತಲೇ ಇಲ್ಲವಂತೆ. ತಿರುಗಿ ಬಂದವರ ನಡಿಗೆಯಲ್ಲಿ ಮೊಣಕಾಲು ನೋವೇ ಇರಲಿಲ್ಲ. ಹುಡುಗರನ್ನು ಕೂಡಿಸಿ ಬಯಲಿನ ಕಲ್ಲು ಆರಿಸಿದರು, ಪಿಚ್ಚಿಗೆ ಸಗಣಿ ಸಾರಿಸಿದರು. ಸಾರಿಸುವುದು ಹೆಂಗಸರ ಕೆಲಸ ಎಂದು ಯಾರೂ ಅನ್ನಲಿಲ್ಲ. ನಾನು ಬಂದವರಿಗೆಂದು ಎಣ್ಣೆಗಾಯಿ, ಶೇಂಗಾ ಹಿಂಡಿ, ಬುಟ್ಟಿ ತುಂಬ ರೊಟ್ಟಿ ಮಾಡಿಟ್ಟೆ.

ಆ ರವಿವಾರ ಬೆಳಗಿನಿಂದ ಬಾಗಲಕೋಟೆಯಿಂದ ಅಮೀನಗಡದ ಮೇಲೆ ಹಾದು ಬರುವ ಒಂದೊಂದು ಬಸ್ಸಿಗೂ ಎದ್ದು ನಿಂತೆವು. ಹೊತ್ತು ನೆತ್ತಿಗೇರಿದ ಮೇಲೆ ಒಬ್ಬನೇ ಇಳಿದ. ಅವರ ಟೀಮಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಮಾತ್ರ ಆಡುವವನು. ಗದಗಿನ ಟೀಮು ರೈಲಿನಲ್ಲಿ ಬಾದಾಮಿಗೆ ಬರುತ್ತೇವೆ ಎಂದು ಹೇಳಿಕಳಿಸಿತ್ತಂತೆ, ಅಷ್ಟು ದೊಡ್ಡ ಟೀಮನ್ನು ಬಿಡಲಾಗದೆ ಉಳಿದವರೆಲ್ಲ ಅಲ್ಲಿಗೆ ಹೋದರಂತೆ. ಬೇಕಾದರೆ ಮುಂದಿನ ರವಿವಾರ ಬರುತ್ತಾರಂತೆ.

ಮುಂದಿನ ರವಿವಾರ ಅಮಾವಾಸ್ಯೆ ಎಲ್ಲಿಂದ ತರುವುದು? ನಾನು ಅವನಿಗೆ ಊಟಕ್ಕೆ ಬಡಿಸಿದೆ. ಅವನದೇನು ತಪ್ಪು, ಪಾಪ. ಉಣ್ಣುತ್ತ ಉಣ್ಣುತ್ತ ಸಮಾಧಾನದ ಮಾತು ಆಡಲು ಹೋದ. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಕಾಕಾ. ನಿಮ್ಮ ಟೀಮ್ ಇನ್ನಷ್ಟು ಗಟ್ಟಿ ಆಗ್ಲಿ, ಆಗ ಅವರಾಗೇ ಕರೀತಾರ."

"ಆಡಸಲಾರದನ ಹ್ಯಾಂಗ ಗಟ್ಟಿ ಆಗೂದಪಾ?" ಎಂದರು ನಮ್ಮ ಮನೆಯವರು. ಜೋರಾಗಿ ಹೇಳಲಿಲ್ಲ. ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ.

ಅವನನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಹುಡುಗರು ಎರಡು ಪಾಲಾಗಲೂ ಇಲ್ಲ, ಆಡಲೂ ಇಲ್ಲ. ಅವರಲ್ಲಿ ಚುರುಕಾಗಿ ಚೆಂಡೆಸೆಯುತ್ತಿದ್ದವನು ಇನ್ನು ತನ್ನನ್ನು ಕರೆಯಬೇಡಿ ಎಂದು ಹೇಳಿ ಮನೆಗೆ ಹೋದ. ಉಳಿದವರು ಹೇಳದೆ ಹೋದರು. ನಮ್ಮ ಮನೆಯವರು ಸ್ಟಂಪು ಕಿತ್ತು ಹೆಗಲಿಗೆ ಹಾಕಿಕೊಂಡರು, ನಾನು ಖಾಲಿಯಾಗದ ರೊಟ್ಟಿ ಬುಟ್ಟಿ ಎತ್ತಿಕೊಂಡೆ. ಮನೆಯ ದಾರಿ ಹಿಡಿದೆವು. ಅವರ ಮುಖ ನೋಡಲಾಗದೆ, ಸ್ವಲ್ಪ ನಗಲಿ ಎಂದು ನಾನೇ ಬಾಯಿ ತೆಗೆದೆ. "ಹೋಗ್ಲಿ ಬಿಡ್ರಿ, ನಾಕು ಮಂದಿ ಮುಂದ ಸೋಲೂದಾದ್ರೂ ತಪ್ಪಿತಲ್ಲ."

ಅವರು ಸ್ಟಂಪುಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೇಳಿದರು, "ಸೋತಿದ್ರ, ತಪ್ಪು ಎಲ್ಲೈತಿ ಅಂತಾದ್ರೂ ತಿಳೀತಿತ್ತಲ್ಲೇ."